ಒಂದು ಮಗ್ಗುಲು ಖಾಲಿ: ಶಾಲೆಯಲ್ಲಿ ಕಾಗದ ಉಳಿಸಲು ಹೋದಾಗ ಆಗಿದ್ದು

ಇದು ಒಂದು ಶಾಲೆಯಲ್ಲಿ ಒಂದು ವರ್ಷ ನಡೆದ ಕೆಲಸದ ವಿವರ. ಆ ಶಾಲೆಯಲ್ಲಿ ನಾನು ಶಿಕ್ಷಕಿ. ಕಾಗದದ ಬಳಕೆ ಕಡಿಮೆ ಮಾಡುವ ಹೊಣೆ ನನಗೆ ಬಂದಿತ್ತು. ಶಾಲೆಯ ಹೆಸರು ಹೇಳುವುದಿಲ್ಲ. ಮಕ್ಕಳ, ಸಹೋದ್ಯೋಗಿಗಳ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ನಾವು ತೆಗೆದುಕೊಂಡ ತೀರ್ಮಾನಗಳನ್ನು, ಮಾಡಿದ ತಪ್ಪುಗಳನ್ನು ಮಾತ್ರ ಇದ್ದ ಹಾಗೇ ಬರೆದಿದ್ದೇನೆ. ಅದರಲ್ಲಿ ಒಂದು ತಪ್ಪು ಬೇರೆ ಎಲ್ಲೂ ಆಗಬಾರದು. ಇದನ್ನು ಬರೆಯಲು ಅದೇ ಮುಖ್ಯ ಕಾರಣ.

ಹಿನ್ನೆಲೆ

ಸುಮಾರು 600 ಮಕ್ಕಳಿರುವ ಶಾಲೆ. ಕಚೇರಿಯಲ್ಲಿ ಒಂದು ದೊಡ್ಡ ಕಾಪಿ ಯಂತ್ರ, ಶಿಕ್ಷಕರ ಕೋಣೆಯಲ್ಲಿ ಒಂದು ಪ್ರಿಂಟರ್. ತಿಂಗಳಿಗೆ ಸುಮಾರು 22 ರೀಮ್ ಕಾಗದ ತರಿಸುತ್ತಿದ್ದರು. ಒಂದು ರೀಮ್ ಎಂದರೆ 500 ಹಾಳೆ. ಅಂದರೆ ತಿಂಗಳಿಗೆ 11,000 ಹಾಳೆ. ಈ ಲೆಕ್ಕವನ್ನು ನಾವು ಯಾರೂ ಅಲ್ಲಿಯವರೆಗೆ ಮಾಡಿರಲಿಲ್ಲ. ಕಾಗದ ಮುಗಿದರೆ ಬರುತ್ತದೆ, ಅಷ್ಟೇ ಗೊತ್ತಿತ್ತು.

ಎಲ್ಲ ಶುರುವಾಗಿದ್ದು ಒಂದು ಬೀರುವಿನಿಂದ. ಆಟದ ಸಾಮಾನು ಇಡಲು ಜಾಗ ಬೇಕಿತ್ತು. ಹಳೇ ಬೀರು ಖಾಲಿ ಮಾಡೋಣ ಎಂದು ಬಾಗಿಲು ತೆಗೆದೆವು. ಒಳಗೆ ಕಟ್ಟು ಕಟ್ಟು ಪ್ರಶ್ನೆಪತ್ರಿಕೆ. ಮೂರು ವರ್ಷದ ಪರೀಕ್ಷೆಗಳಲ್ಲಿ ಉಳಿದಿದ್ದು. ಎಷ್ಟೋ ಕಟ್ಟುಗಳ ದಾರವನ್ನೇ ಬಿಚ್ಚಿರಲಿಲ್ಲ. ಬಿಳಿ ಕಾಗದ ಹಳದಿಗೆ ತಿರುಗಿತ್ತು. ಯಾರೂ ಓದದೆ, ಯಾರೂ ಬರೆಯದೆ ಅದು ಹಳೇದಾಗಿತ್ತು. ಅದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಮೊದಲ ಸಭೆಯಲ್ಲಿ ಒಬ್ಬರು, "ರದ್ದಿಗೆ ಹಾಕೋಣ, ಹೇಗೂ ಹೊಸ ಕಾಗದ ಆಗುತ್ತಲ್ಲ" ಎಂದರು. ಮಾತು ತಪ್ಪಲ್ಲ. ಆದರೆ ರದ್ದಿ ಮತ್ತೆ ಕಾಗದವಾಗುವಾಗ ಅದರ ನಾರು ಪ್ರತಿ ಸಲವೂ ಸ್ವಲ್ಪ ತುಂಡಾಗುತ್ತದೆ. ಸಾಮಾನ್ಯವಾಗಿ ಐದರಿಂದ ಏಳು ಸಲ ಆದಮೇಲೆ ನಾರು ತೀರಾ ಗಿಡ್ಡವಾಗಿ ಕಾಗದಕ್ಕೆ ಹಿಡಿತ ಸಾಲುವುದಿಲ್ಲ. ನಡುವೆ ನೀರು ಬೇಕು, ವಿದ್ಯುತ್ ಬೇಕು, ಸಾಗಣೆ ಬೇಕು. ಇಷ್ಟೆಲ್ಲ ಆಗುವ ಮೊದಲು ಆ ಹಾಳೆಯ ಎರಡೂ ಮಗ್ಗುಲು ಬಳಕೆಯಾಗಿರಬೇಕು, ಅಲ್ವಾ?

ನೆಲದ ಮೇಲಿನ ಗುಡ್ಡೆಗಳು

ನಿಯಮ ಮಾಡುವ ಮೊದಲು ಒಂದು ವಾರ ಸುಮ್ನೆ ಕಾಗದ ಕೂಡಿಸಿದೆವು. ಇಡೀ ವರ್ಷದಲ್ಲಿ ನಾವು ಮಾಡಿದ ಒಳ್ಳೆಯ ತೀರ್ಮಾನಗಳಲ್ಲಿ ಇದೂ ಒಂದು. ಕಚೇರಿ, ಶಿಕ್ಷಕರ ಕೋಣೆ ಮತ್ತು ನಾಲ್ಕು ತರಗತಿಗಳ ಬುಟ್ಟಿಗೆ ಬಿದ್ದ ಪ್ರತಿ ಹಾಳೆಯನ್ನೂ ಚೀಲದಲ್ಲಿ ಇಟ್ಟೆವು. ಶನಿವಾರ ಒಂದು ಖಾಲಿ ಕೋಣೆಯ ನೆಲದ ಮೇಲೆ ಸುರಿದು, ಹತ್ತು ಮಕ್ಕಳ ಜೊತೆ ಕೂತು ಬೇರೆ ಬೇರೆ ಗುಡ್ಡೆ ಮಾಡಿದೆವು.

ಒಂದೊಂದೇ ಎಣಿಸಬೇಕಾಗಲಿಲ್ಲ. ತೂಕ ಸಾಕು. ಎ0 ಅಳತೆಯ ಹಾಳೆಯ ವಿಸ್ತೀರ್ಣ ಒಂದು ಚದರ ಮೀಟರ್. ಅದನ್ನು ನಾಲ್ಕು ಸಲ ಅರ್ಧ ಮಾಡಿದರೆ ಎ4, ಅಂದರೆ ಹದಿನಾರರಲ್ಲಿ ಒಂದು ಭಾಗ. ಸಾಮಾನ್ಯ ಕಾಪಿ ಕಾಗದ 80 ಜಿಎಸ್‌ಎಂ, ಚದರ ಮೀಟರಿಗೆ 80 ಗ್ರಾಂ. ಆದ್ದರಿಂದ ಒಂದು ಎ4 ಹಾಳೆ 5 ಗ್ರಾಂ, ಒಂದು ಕಿಲೋಗೆ 200 ಹಾಳೆ. ಏಳನೇ ತರಗತಿಯ ಮಕ್ಕಳು ಈ ಲೆಕ್ಕವನ್ನು ನನಗಿಂತ ಬೇಗ ಹಿಡಿದರು.

ಆ ವಾರದ ರಾಶಿ 6 ಕಿಲೋ ದಾಟಿತ್ತು. ಅಂದರೆ ಸುಮಾರು 1,200 ಹಾಳೆ. ಅರ್ಧಕ್ಕಿಂತ ಜಾಸ್ತಿ ಹಾಳೆಗಳಲ್ಲಿ ಒಂದು ಮಗ್ಗುಲು ಪೂರ್ತಿ ಖಾಲಿ. ಇನ್ನೊಂದು ಸಣ್ಣ ಗುಡ್ಡೆಯಲ್ಲಿದ್ದ ಹಾಳೆಗಳ ಮೇಲೆ ಒಂದೋ ಎರಡೋ ಸಾಲು ಮಾತ್ರ ಇದ್ದವು. ಪ್ರಿಂಟ್ ಕೊಟ್ಟಾಗ ಕೊನೆಯ ಪುಟಕ್ಕೆ ಜಾರಿದ ಸಾಲುಗಳು.

ಮಕ್ಕಳ ಪುಸ್ತಕದಿಂದ ಹರಿದ ಹಾಳೆಗಳ ಗುಡ್ಡೆ ಒಂದು ಕಿಲೋ ಕೂಡ ಇರಲಿಲ್ಲ. ಪ್ರತಿ ತರಗತಿಯ ಗೋಡೆಯ ಮೇಲೂ ನಾವು 'ಕಾಗದ ಹಾಳು ಮಾಡಬೇಡಿ' ಎಂದು ಅಂಟಿಸಿದ್ದೆವು. ಒಬ್ಬ ಹುಡುಗಿ ದೊಡ್ಡ ಗುಡ್ಡೆ ತೋರಿಸಿ, "ಮಿಸ್, ಇದು ನಮ್ಮದಲ್ಲ ಅಲ್ವಾ?" ಎಂದಳು. ಹೌದು, ಅವರದಲ್ಲ. ಅದು ನಮ್ಮದು, ದೊಡ್ಡವರದು. ಸೋಮವಾರ ಆ ಪೋಸ್ಟರ್‌ಗಳನ್ನು ತರಗತಿಗಳಿಂದ ತೆಗೆದೆ. ಎಲ್ಲಿ ಹಾಕಬೇಕೋ ಅಲ್ಲಿ ಹಾಕುವುದು ಒಳ್ಳೆಯದು ಅನ್ನಿಸಿತು.

ಪೆಟ್ಟಿಗೆ ಬಂತು

ಮೊದಲ ಉಪಾಯ ಎಲ್ಲರಿಗೂ ಹೊಳೆಯುವಂಥದ್ದೇ. ಕಾಪಿ ಯಂತ್ರದ ಪಕ್ಕ, ಶಿಕ್ಷಕರ ಕೋಣೆಯಲ್ಲಿ, ಪ್ರತಿ ಮಹಡಿಯಲ್ಲಿ ಒಂದೊಂದು ಪೆಟ್ಟಿಗೆ ಇಟ್ಟೆವು. ಮೇಲೆ 'ಒಂದು ಮಗ್ಗುಲು ಖಾಲಿ' ಎಂದು ಬರೆದೆವು. ವಾರಕ್ಕೊಮ್ಮೆ ಮಕ್ಕಳು ಆ ಹಾಳೆಗಳನ್ನು ಅರ್ಧಕ್ಕೆ ಕತ್ತರಿಸಿ, ಬರೆದ ಮಗ್ಗುಲು ಕೆಳಗೆ ಬರುವಂತೆ ಜೋಡಿಸಿ ರಫ್ ಪ್ಯಾಡ್ ಮಾಡುತ್ತಿದ್ದರು. ಅಂಚುಗಳನ್ನು ಮೇಜಿಗೆ ತಟ್ಟಿ ಸಮ ಮಾಡುವುದು, ಎರಡು ರಟ್ಟಿನ ನಡುವೆ ಇಟ್ಟು ಕ್ಲಿಪ್ ಹಾಕುವುದು, ಒಂದು ಅಂಚಿಗೆ ಬಿಳಿ ಅಂಟನ್ನು ತೆಳುವಾಗಿ ಎರಡು ಸಲ ಬಳಿಯುವುದು, ರಾತ್ರಿಯಿಡೀ ಮೇಲೆ ಭಾರ ಇಡುವುದು. ಅಂಟು ದಪ್ಪವಾದರೆ ಒಣಗಿದ ಮೇಲೆ ಒಡೆಯುತ್ತದೆ, ಹಾಳೆ ಉದುರುತ್ತದೆ. ಎರಡನೇ ವಾರದ ಹೊತ್ತಿಗೆ ಅವರ ಕೈ ಪಳಗಿತ್ತು.

ಈ ಹಾಳೆಗಳನ್ನು ತಿರುಗಿಸಿ ಯಂತ್ರಕ್ಕೇ ಹಾಕಿ ಪ್ರಿಂಟ್ ತೆಗೆಯಲೂ ನೋಡಿದೆವು. ಮೂರೇ ದಿನದಲ್ಲಿ ನಾಲ್ಕು ಸಲ ಕಾಗದ ಸಿಕ್ಕಿಕೊಂಡಿತು. ರಿಪೇರಿಗೆ ಬಂದವರು ಕಾರಣ ವಿವರಿಸಿದರು. ಇಂಥ ಯಂತ್ರದ ಮಸಿ ನಿಜವಾಗಿ ಪ್ಲಾಸ್ಟಿಕ್ ಪುಡಿ. ಅದನ್ನು ಬಿಸಿ ರೋಲರ್ ಕರಗಿಸಿ ಹಾಳೆಗೆ ಅಂಟಿಸುತ್ತದೆ. ಆ ಬಿಸಿಗೆ ಹಾಳೆಯ ತೇವ ಹೋಗಿ ಅದು ಸ್ವಲ್ಪ ಸುರುಳಿಯಾಗುತ್ತದೆ. ಆಮೇಲೆ ಕೈಯಾಡಿ, ಮೂಲೆ ಮಡಚಿ, ಪಿನ್ನಿನ ತೂತು ಬಿದ್ದ ಹಾಳೆ ಮತ್ತೆ ಒಳಗೆ ಹೋದರೆ ಸಿಕ್ಕಿಕೊಳ್ಳದೇ ಇರುತ್ತದೆಯೇ? ಒಂದು ಪಿನ್ನು ಉಳಿದಿದ್ದರೆ ಒಳಗಿನ ಡ್ರಮ್ಮೇ ಗೀಚಿ ಹಾಳಾಗಬಹುದು. ಅಂದಿನಿಂದ ಬಳಸಿದ ಹಾಳೆ ಕೈಬರಹಕ್ಕೆ ಮಾತ್ರ ಎಂದು ತೀರ್ಮಾನಿಸಿದೆವು.

ಪ್ಯಾಡ್‌ಗಳು ಮಾತ್ರ ಎಲ್ಲರಿಗೂ ಇಷ್ಟವಾದವು. ಗಣಿತದ ತರಗತಿಗೆ, ಗ್ರಂಥಾಲಯಕ್ಕೆ, ಕಚೇರಿಯ ಫೋನಿನ ಪಕ್ಕಕ್ಕೆ, ಎಲ್ಲ ಕಡೆ ಹೋದವು. ಪೆಟ್ಟಿಗೆಗಳು ಬೇಗ ಬೇಗ ತುಂಬುತ್ತಿದ್ದವು. ತುಂಬಿದಷ್ಟೂ ನಮಗೆ ಖುಷಿ.

ಆ ಹಾಳೆ

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಒಬ್ಬ ಸಹೋದ್ಯೋಗಿ ಒಂದು ರಫ್ ಪ್ಯಾಡ್ ತಂದು ನನ್ನ ಮೇಜಿನ ಮೇಲೆ ಇಟ್ಟರು. ಏನೂ ಮಾತಾಡಲಿಲ್ಲ. ಹಾಳೆ ತಿರುಗಿಸಿ ನೋಡಿದೆ. ಹಿಂದೆ ಒಂದು ಪತ್ರದ ಅರ್ಧ ಭಾಗ ಇತ್ತು. ಒಂದು ಮಗುವಿನ ಕಲಿಕೆಯ ತೊಂದರೆ ಬಗ್ಗೆ ಮನೆಯವರಿಗೆ ಬರೆದಿದ್ದು. ಮಗುವಿನ ಹೆಸರು, ತರಗತಿ, ತೊಂದರೆಯ ವಿವರ ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಪತ್ರದಲ್ಲಿ ತಪ್ಪಾಗಿ ಮತ್ತೆ ಪ್ರಿಂಟ್ ತೆಗೆದಾಗ ಹಳೆಯದು ಪೆಟ್ಟಿಗೆಗೆ ಬಿದ್ದಿತ್ತು.

ಆ ಪ್ಯಾಡ್ ಹೋಗಿದ್ದು ಅದೇ ಮಗುವಿನ ತರಗತಿಗೆ. ಮಕ್ಕಳು ಓದಿದ್ದರು. ಯಾರೋ ಜೋರಾಗಿಯೂ ಓದಿದ್ದರು. ಮಗು ಎರಡು ದಿನ ಶಾಲೆಗೆ ಬರಲಿಲ್ಲ.

ಪೆಟ್ಟಿಗೆ ಇಡುವ ಯೋಚನೆ ನನ್ನದು. ಒಂದು ಮಗ್ಗುಲು ಖಾಲಿ ಇದೆ ಎಂದು ನೋಡಿದೆ. ಇನ್ನೊಂದು ಮಗ್ಗುಲಲ್ಲಿ ಏನಿರಬಹುದು ಎಂದು ಯೋಚಿಸಲೇ ಇಲ್ಲ. ಆ ಮಧ್ಯಾಹ್ನವೇ ಎಲ್ಲ ಪೆಟ್ಟಿಗೆ ಮುಚ್ಚಿಸಿದೆ. ಹಂಚಿದ್ದ ಪ್ಯಾಡ್‌ಗಳನ್ನು ವಾಪಸ್ ತರಿಸಿ, ಹಾಳೆ ಹಾಳೆಯಾಗಿ ತಿರುಗಿಸಿ ನೋಡಿದೆವು. ಅಂಕಪಟ್ಟಿಗಳು ಸಿಕ್ಕವು. ಫೋನ್ ನಂಬರ್‌ಗಳಿದ್ದ ಒಂದು ಪಟ್ಟಿ ಸಿಕ್ಕಿತು. ಇನ್ನೂ ಏನೇನು ಯಾರ ಮನೆಗೆ ಹೋಗಿದೆಯೋ ಗೊತ್ತಾಗುವ ದಾರಿ ಇರಲಿಲ್ಲ.

ಸಂಜೆ ಮುಖ್ಯ ಶಿಕ್ಷಕಿಯ ಜೊತೆ ಆ ಮನೆಗೆ ಹೋಗಿ ಕ್ಷಮೆ ಕೇಳಿದೆ. ಮಗುವಿನ ತಾಯಿ ಕೂಗಾಡಲಿಲ್ಲ. "ಕಾಗದ ಉಳಿಸಿ, ಬೇಡ ಅನ್ನಲ್ಲ. ಅದರ ಹಿಂದೆ ನನ್ನ ಮಗುವಿನ ಹೆಸರಿತ್ತು" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ತರಗತಿಯಲ್ಲಿ ಮಾತಾಡಬೇಕೇ ಬೇಡವೇ ಎಂದು ಅವರನ್ನೇ ಕೇಳಿದೆವು. ಬೇಡ, ಮತ್ತೆ ಅದೇ ವಿಷಯ ಎತ್ತಬೇಡಿ ಎಂದರು. ಹಾಗೇ ಮಾಡಿದೆವು. ಮಗುವಿನ ಪಕ್ಕ ಕೂರುವ ಇಬ್ಬರು ಗೆಳೆಯರು ಅದನ್ನು ಮೆಲ್ಲಗೆ ಮತ್ತೆ ಆಟಕ್ಕೆ ಎಳೆದುಕೊಂಡರು. ನಮ್ಮೆಲ್ಲರಿಗಿಂತ ಒಳ್ಳೆಯ ಕೆಲಸ ಅವರಿಬ್ಬರೇ ಮಾಡಿದರು.

ಇಡೀ ಯೋಜನೆಯನ್ನೇ ನಿಲ್ಲಿಸೋಣ ಎಂದು ಕೆಲವರು ಹೇಳಿದರು. ಅವರ ಮಾತಿನಲ್ಲಿ ನ್ಯಾಯ ಇತ್ತು. ಮೂರು ವಾರ ನಿಲ್ಲಿಸಿಯೇ ಇದ್ದೆವು. ಆಮೇಲೆ ಶುರು ಮಾಡಿದ್ದು ಬೇರೆ ಕ್ರಮದಲ್ಲಿ. ಹೆಸರು, ಅಂಕ, ಫೋನ್ ನಂಬರ್, ವಿಳಾಸ, ಸಹಿ, ಆರೋಗ್ಯದ ವಿಷಯ, ಇವುಗಳಲ್ಲಿ ಒಂದಿದ್ದರೂ ಆ ಹಾಳೆ ಪೆಟ್ಟಿಗೆಗೆ ಬರುವ ಹಾಗಿಲ್ಲ. ಅದಕ್ಕೆ ಕಚೇರಿಯಲ್ಲಿ ಬೀಗ ಹಾಕಿದ ಬೇರೆ ಡಬ್ಬಿ. ಅದರಲ್ಲಿದ್ದದ್ದನ್ನು ಕತ್ತರಿಸುವ ಯಂತ್ರದಲ್ಲಿ ಚೂರು ಮಾಡಿ, ನೀರಲ್ಲಿ ನೆನೆಸಿ, ಅರೆದು, ಕರಕುಶಲ ತರಗತಿಯಲ್ಲಿ ಮುಖವಾಡಕ್ಕೆ ಬಳಸಿದೆವು. ಮಹಡಿಯ ಪೆಟ್ಟಿಗೆಗಳನ್ನು ತೆಗೆದು ಒಂದೇ ಪೆಟ್ಟಿಗೆ ಉಳಿಸಿದೆವು, ಕಾಪಿ ಯಂತ್ರದ ಪಕ್ಕ. ಮಕ್ಕಳ ಕೈಗೆ ಹೋಗುವ ಮೊದಲು ದೊಡ್ಡವರೊಬ್ಬರು ಪ್ರತಿ ಹಾಳೆಯ ಎರಡೂ ಮಗ್ಗುಲು ನೋಡಲೇಬೇಕು. ನೋಡಲು ಸಮಯ ಇಲ್ಲದ ವಾರ ಪ್ಯಾಡ್ ಇಲ್ಲ.

ಮನೆಯಲ್ಲಿ, ಕಚೇರಿಯಲ್ಲಿ ಹಳೇ ಹಾಳೆ ಬಳಸುವವರಿಗೂ ಇದೇ ಮಾತು. ಬ್ಯಾಂಕಿನ ವಿವರ, ಆಸ್ಪತ್ರೆಯ ವರದಿ, ಗುರುತಿನ ಚೀಟಿಯ ಪ್ರತಿ ನಮಗೆ ಗೊತ್ತಿಲ್ಲದೆ ಇಂಥ ರಾಶಿಯಲ್ಲೇ ಸೇರಿಕೊಳ್ಳುತ್ತವೆ. ದಯವಿಟ್ಟು ತಿರುಗಿಸಿ ನೋಡಿ.

ಖರೀದಿ ಪುಸ್ತಕ

ಪೆಟ್ಟಿಗೆ ಮುಚ್ಚಿದ್ದ ಆ ಮೂರು ವಾರದಲ್ಲಿ ಕಾಗದ ಖರೀದಿಯ ಪುಸ್ತಕ ತೆಗೆದು ನೋಡಿದೆ. ಮೊದಲೇ ನೋಡಬೇಕಿತ್ತು. ಪೆಟ್ಟಿಗೆ ಇಟ್ಟ ಎರಡು ತಿಂಗಳಲ್ಲಿ ಖರೀದಿ ಇಳಿದಿರಲಿಲ್ಲ. 22 ರೀಮ್ ಇದ್ದದ್ದು 24 ಆಗಿತ್ತು.

ನಡುವೆ ಒಂದು ಪರೀಕ್ಷೆ ಬಂದಿತ್ತು, ಅದೂ ಒಂದು ಕಾರಣವಿರಬಹುದು. ಆದರೆ ಕಾಪಿ ಯಂತ್ರ ನೋಡಿಕೊಳ್ಳುವ ಸಹೋದ್ಯೋಗಿ ಹೇಳಿದ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. "ಈಗ ಯಾರಿಗೂ ಬೇಜಾರೇ ಇಲ್ಲ. ಹತ್ತು ಜಾಸ್ತಿ ಆಯ್ತು ಅಂದ್ರೆ, ಪರವಾಗಿಲ್ಲ ಪ್ಯಾಡ್‌ಗೆ ಆಗುತ್ತೆ ಬಿಡಿ ಅಂತಾರೆ." ನಾನೂ ಹಾಗೆ ಹೇಳಿದ್ದು ನೆನಪಾಯಿತು.

ಎರಡು ತಿಂಗಳು ನಾವು ತಪ್ಪು ಜಾಗದಲ್ಲಿ ಅಳೆದಿದ್ದೆವು. ಎಷ್ಟು ಪ್ಯಾಡ್ ಆಯಿತು ಎಂದು ಎಣಿಸಿದೆವು, ಎಷ್ಟು ರೀಮ್ ಬಂತು ಎಂದು ಎಣಿಸಲಿಲ್ಲ. ತುಂಬಿದ ಪೆಟ್ಟಿಗೆಯನ್ನು ಉಳಿತಾಯ ಎಂದುಕೊಂಡೆವು. ಅದರಲ್ಲಿ ಇದ್ದದ್ದು ಬೇಡವಾಗಿದ್ದ ಪ್ರಿಂಟ್‌ಗಳು. ನನ್ನ ಮಟ್ಟಿಗೆ ಈ ಪ್ರಕರಣ ತಿರುಗಿದ್ದು ಇಲ್ಲಿ. ಬುಟ್ಟಿಯ ಹತ್ತಿರ ಇದ್ದ ಗಮನವನ್ನು ಯಂತ್ರದ ಹತ್ತಿರ ತಂದೆವು.

ಯಂತ್ರದ ಪಕ್ಕ ಎರಡು ದಿನ

ಎರಡು ದಿನ ಬಿಡುವಿನ ವೇಳೆಯಲ್ಲೆಲ್ಲ ಕಾಪಿ ಯಂತ್ರದ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಯಾರನ್ನೂ ತಡೆಯಲಿಲ್ಲ, ಏನೂ ಹೇಳಲಿಲ್ಲ. ಏನು ಬಂತು, ಎಷ್ಟು ಪ್ರತಿ, ನಿಜಕ್ಕೂ ಎಷ್ಟು ಬೇಕಿತ್ತು, ಅಷ್ಟೇ ಬರೆದುಕೊಂಡೆ. ಹೆಸರು ಬರೆದುಕೊಳ್ಳುವುದಿಲ್ಲ ಎಂದು ಮೊದಲೇ ಎಲ್ಲರಿಗೂ ತಿಳಿಸಿದ್ದೆ.

ತರಗತಿಯಲ್ಲಿ 38 ಮಕ್ಕಳು. ಶಿಕ್ಷಕರು 40 ಎನ್ನುತ್ತಾರೆ. ಕಚೇರಿಯಲ್ಲಿ ಕಡಿಮೆ ಬಿದ್ದೀತು ಎಂದು 45 ಒತ್ತುತ್ತಾರೆ. ಹೀಗೆ ಪ್ರತಿ ಕೈಯಲ್ಲೂ ಸ್ವಲ್ಪ ಸ್ವಲ್ಪ ಸೇರುತ್ತದೆ. ಬೀರುವಿನಲ್ಲಿ ಸಿಕ್ಕ ಕಟ್ಟುಗಳು ಹುಟ್ಟಿದ್ದು ಹೀಗೇ. ಯಾರೂ ಅಜಾಗರೂಕರಲ್ಲ. ಎಲ್ಲರೂ ಮಗುವಿಗೆ ಪ್ರಶ್ನೆಪತ್ರಿಕೆ ಸಿಗದೇ ಹೋಗಬಾರದು ಎಂದು ಹೆದರಿದವರೇ. ಆದ್ದರಿಂದ ಉಪದೇಶ ಕೊಡಲಿಲ್ಲ. ಪ್ರತಿ ತರಗತಿಯ ಸರಿಯಾದ ಸಂಖ್ಯೆಯನ್ನು ಯಂತ್ರದ ಮೇಲಿನ ಗೋಡೆಗೆ ಅಂಟಿಸಿದೆವು. ಆ ಸಂಖ್ಯೆಗೆ ಎರಡು ಸೇರಿಸಿ, ಅಷ್ಟೇ. ಕಡಿಮೆ ಬಿದ್ದರೆ ಒಂದೇ ನಿಮಿಷದಲ್ಲಿ ತೆಗೆದುಕೊಡುತ್ತೇವೆ ಎಂದು ಕಚೇರಿಯವರು ಮಾತು ಕೊಟ್ಟರು. ಹೆದರಿಕೆ ಹೋಗಿದ್ದು ಆ ಮಾತಿನಿಂದ.

ಎರಡನೆಯದು ತಪ್ಪಿನ ಪ್ರಿಂಟ್. ಪೂರ್ತಿ ಕಟ್ಟು ತೆಗೆದ ಮೇಲೆ ಮೂರನೇ ಪ್ರಶ್ನೆಯಲ್ಲಿ ತಪ್ಪು ಕಾಣುತ್ತದೆ. ಮತ್ತೆ ಪೂರ್ತಿ ಕಟ್ಟು. ಈಗ ಮೊದಲು ಒಂದೇ ಪ್ರತಿ ತೆಗೆದು, ಬರೆದವರನ್ನು ಬಿಟ್ಟು ಬೇರೆ ಯಾರಾದರೂ ಓದಬೇಕು. ಆಮೇಲೆ ಉಳಿದದ್ದು.

ಮೂರನೆಯದು ಯಂತ್ರದ ಸೆಟ್ಟಿಂಗ್. ಅದು ತಾನಾಗೇ ಒಂದು ಮಗ್ಗುಲಿಗೆ ಮಾತ್ರ ಒತ್ತುವಂತೆ ಇತ್ತು. ಎರಡೂ ಮಗ್ಗುಲು ಬೇಕಾದವರು ಪ್ರತಿ ಸಲ ಗುಂಡಿ ಒತ್ತಬೇಕಿತ್ತು, ಗಡಿಬಿಡಿಯಲ್ಲಿ ಯಾರು ಒತ್ತುತ್ತಾರೆ? ಅದನ್ನು ತಿರುಗಿಸಿದೆವು. ಏನೂ ಒತ್ತದಿದ್ದರೆ ಎರಡೂ ಮಗ್ಗುಲು. ಒಂದೇ ಮಗ್ಗುಲು ಬೇಕಾದವರು ಗುಂಡಿ ಒತ್ತಲಿ. ಮೊದಲ ವಾರ ಅಡ್ಡ ಹಾಳೆಗಳ ಹಿಂಬದಿ ತಲೆಕೆಳಗಾಗಿ ಬಂದು ಗೊಂದಲವಾಯಿತು. ಉದ್ದ ಅಂಚಿಗೆ ತಿರುಗಿಸಬೇಕೋ, ಗಿಡ್ಡ ಅಂಚಿಗೆ ತಿರುಗಿಸಬೇಕೋ ಎಂದು ಆರಿಸಿಕೊಳ್ಳಬೇಕು. ಒಂದು ಚಿತ್ರ ಬರೆದು ಯಂತ್ರಕ್ಕೆ ಅಂಟಿಸಿದ ಮೇಲೆ ಸರಿಯಾಯಿತು. ಇಡೀ ವರ್ಷದಲ್ಲಿ ಅತಿ ಹೆಚ್ಚು ಕಾಗದ ಉಳಿಸಿದ್ದು ಈ ಒಂದು ಬದಲಾವಣೆ ಎಂದು ನನ್ನ ಅಂದಾಜು. ಅದಕ್ಕೆ ಹಿಡಿದಿದ್ದು ಐದು ನಿಮಿಷ.

ಮನೆಗೆ ಕಳಿಸುವ ಸೂಚನೆಗಳನ್ನು ಕಾಲು ಹಾಳೆಗೆ ಇಳಿಸಿದೆವು. ನಾಲ್ಕು ಸಾಲಿನ ಮಾತಿಗೆ ಇಡೀ ಎ4 ಯಾಕೆ ಬೇಕು? ಎ ಸರಣಿಯ ಹಾಳೆಯಲ್ಲಿ ಉದ್ದ ಮತ್ತು ಅಗಲದ ಲೆಕ್ಕ ಎಷ್ಟು ಚೆನ್ನಾಗಿದೆ ಎಂದರೆ, ಅರ್ಧಕ್ಕೆ ಕತ್ತರಿಸಿದರೂ ಅದೇ ಆಕಾರ ಉಳಿಯುತ್ತದೆ. ಹಾಗಾಗಿ ಎರಡು ಪುಟಗಳನ್ನು ಒಂದರಲ್ಲಿ ಕೂರಿಸಿದರೆ ಅಂಚಿನಲ್ಲಿ ಜಾಗ ಹಾಳಾಗುವುದಿಲ್ಲ. ಆದರೆ ಅಕ್ಷರ ಸುಮಾರು 70 ಶೇಕಡಕ್ಕೆ ಕುಗ್ಗುತ್ತದೆ. 12 ಪಾಯಿಂಟ್ ಅಕ್ಷರ ಎಂಟೂವರೆ ಆಗುತ್ತದೆ. ಉತ್ಸಾಹದಲ್ಲಿ ನಾವು ವರ್ಕ್‌ಶೀಟ್‌ಗಳನ್ನೂ ಹೀಗೆ ಕುಗ್ಗಿಸಿದೆವು. ದೃಷ್ಟಿ ಮಂದವಿದ್ದ ಒಬ್ಬ ಹುಡುಗ ಎರಡು ವಾರ ಕಷ್ಟಪಟ್ಟು ಓದಿ, ಆಮೇಲೆ ಓದುವುದನ್ನೇ ಬಿಟ್ಟಿದ್ದ. ಅವನ ಶಿಕ್ಷಕಿ ಗಮನಿಸಿ ಹೇಳಿದರು. ಚಿಕ್ಕ ಮಕ್ಕಳಿಗೆ, ಕಣ್ಣಿನ ತೊಂದರೆ ಇರುವವರಿಗೆ ದೊಡ್ಡ ಅಕ್ಷರವೇ ಇರಲಿ ಎಂದು ಅಂದೇ ಬದಲಿಸಿದೆವು. ನಾವು ಉಳಿಸುವ ಹಾಳೆಯ ಭಾರ ಒಂದು ಮಗುವಿನ ಕಣ್ಣಿನ ಮೇಲೆ ಬೀಳಬಾರದು.

ಎಲ್ಲರೂ ಎಲ್ಲವನ್ನೂ ಒಪ್ಪಲಿಲ್ಲ. ಗಣಿತದ ಶಿಕ್ಷಕರು ವರ್ಕ್‌ಶೀಟ್‌ನಲ್ಲಿ ಜಾಗ ಕಡಿಮೆ ಮಾಡಲು ಬಿಡಲಿಲ್ಲ. ಲೆಕ್ಕದ ಹಂತಗಳನ್ನು ಮಗು ಬಿಡಿಸಿ ಬರೆಯಬೇಕು, ಇಕ್ಕಟ್ಟಾದರೆ ಹಂತ ನುಂಗುತ್ತದೆ ಎಂದರು. ಅವರ ಮಾತು ಸರಿ. ಅವರ ಹಾಳೆಗಳು ಹಾಗೇ ಇವೆ. ಸೂಚನೆಗಳನ್ನೆಲ್ಲ ಫೋನಿಗೇ ಕಳಿಸೋಣ ಎಂಬ ಮಾತೂ ಬಂತು. ಮನೆಯಲ್ಲಿ ಒಂದೇ ಫೋನ್, ಅದೂ ಕೆಲಸಕ್ಕೆ ಹೋದವರ ಜೇಬಿನಲ್ಲಿ, ಹಾಗಿರುವ ಮಕ್ಕಳು ಎಷ್ಟೋ ಜನ. ಅದಕ್ಕೆ ಎರಡೂ ಇಟ್ಟುಕೊಂಡೆವು.

ವರ್ಷದ ಕೊನೆಗೆ

ಕೊನೆಯ ಮೂರು ತಿಂಗಳಲ್ಲಿ ಖರೀದಿ ತಿಂಗಳಿಗೆ 13 ರೀಮ್ ಹತ್ತಿರ ನಿಂತಿತು. ಯಾವ ಪರೀಕ್ಷೆಯೂ ನಿಲ್ಲಲಿಲ್ಲ, ಯಾವ ಮಗುವಿಗೂ ಹಾಳೆ ಕಡಿಮೆ ಬೀಳಲಿಲ್ಲ.

ವರ್ಷದ ಕೊನೆಯ ವಾರದಲ್ಲಿ ಮಾಡಿದ ಇನ್ನೊಂದು ಕೆಲಸ ನನಗೆ ತುಂಬ ಪ್ರೀತಿಯದು. ಮಕ್ಕಳ ನೋಟ್‌ಬುಕ್‌ಗಳಲ್ಲಿ ಉಳಿದ ಖಾಲಿ ಹಾಳೆ ಬಿಡಿಸಿ ಹೊಸ ಪುಸ್ತಕ ಹೊಲಿಯುವುದು. ಇಲ್ಲಿ ಹಿಂಬದಿಯ ಭಯ ಇಲ್ಲ, ಎರಡೂ ಮಗ್ಗುಲು ಖಾಲಿ. ಒಂದೇ ಎಚ್ಚರ ಬೇಕು. ನಡುವೆ ಪಿನ್ನು ಹೊಡೆದ ಪುಸ್ತಕದಿಂದ ಒಂದು ಹಾಳೆ ಹರಿದರೆ, ಅದರ ಜೋಡಿ ಹಾಳೆ ಸಡಿಲವಾಗಿ ಉದುರುತ್ತದೆ. ಆದ್ದರಿಂದ ಪಿನ್ನನ್ನೇ ಬಿಡಿಸಿ, ಜೋಡಿ ಹಾಳೆಗಳನ್ನು ಒಟ್ಟಿಗೆ ತೆಗೆದು, ಮಡಿಕೆಯ ಮೇಲೆ ಮೂರು ತೂತು ಮಾಡಿ ದಾರದಲ್ಲಿ ಹೊಲಿಯಬೇಕು. ಒಂದು ತರಗತಿಯಲ್ಲಿ ಮಕ್ಕಳಿಗಿಂತ ಪುಸ್ತಕಗಳೇ ಜಾಸ್ತಿ ಆದವು.

ರಫ್ ಪ್ಯಾಡ್ ಮಾತ್ರ ಕಡಿಮೆಯಾಯಿತು. ವಾರಕ್ಕೊಮ್ಮೆ ತುಂಬುತ್ತಿದ್ದ ಪೆಟ್ಟಿಗೆ ತಿಂಗಳಿಗೂ ಸರಿಯಾಗಿ ತುಂಬುತ್ತಿರಲಿಲ್ಲ. ಶಾಲೆ ನೋಡಲು ಬಂದ ಅತಿಥಿಗಳಿಗೆ ತೋರಿಸಲು ಪ್ಯಾಡ್ ಇಲ್ಲವೇ ಎಂದು ಆಡಳಿತದವರು ಕೇಳಿದರು. ಯೋಜನೆ ನಿಂತುಹೋಯಿತೇ ಎಂದೂ ಕೇಳಿದರು. ಖರೀದಿ ಪುಸ್ತಕ ತೆಗೆದು ತೋರಿಸಿದೆ. ಅವರು ಒಪ್ಪಿದರು. ಆದರೂ ಮೇಜಿನ ಮೇಲೆ ಜೋಡಿಸಿದ ಐವತ್ತು ಪ್ಯಾಡ್ ಕಣ್ಣಿಗೆ ಕಾಣುತ್ತದೆ, ಪ್ರಿಂಟ್ ಆಗದೇ ಉಳಿದ ಹಾಳೆ ಕಾಣುವುದಿಲ್ಲ. ಇಂಥ ಕೆಲಸ ಕೈಗೆತ್ತಿಕೊಳ್ಳುವವರು ಈ ಪ್ರಶ್ನೆಗೆ ಮೊದಲೇ ತಯಾರಾಗಿರಬೇಕು.

ಈ ವರ್ಷ ಶಾಲೆ ಶುರುವಾಗಿ ಎರಡನೇ ತಿಂಗಳು, ಗುಡ್ಡೆ ತೋರಿಸಿ ಪ್ರಶ್ನೆ ಕೇಳಿದ್ದ ಆ ಹುಡುಗಿ ಶಿಕ್ಷಕರ ಕೋಣೆಗೆ ಬಂದಳು. "ಮಿಸ್, ಪೆಟ್ಟಿಗೆ ಒಂದೇ ವಾರಕ್ಕೆ ತುಂಬಿದೆ" ಎಂದಳು. ಇಬ್ಬರೂ ಕಚೇರಿಗೆ ಹೋದೆವು. ಹಿಂದಿನ ವಾರ ಯಂತ್ರ ಸರ್ವೀಸ್ ಆಗಿತ್ತಂತೆ. ಸೆಟ್ಟಿಂಗ್ ತೆಗೆದು ನೋಡಿದೆ. ಮತ್ತೆ ಒಂದು ಮಗ್ಗುಲಿಗೆ ಹೋಗಿ ಕೂತಿತ್ತು. ಅವಳ ಕೈಯಲ್ಲೇ ಬದಲಿಸಿದೆವು.